ಸಿನಿಮಾ ನೌಕೆಯ ಪ್ರತಿಕೃತಿ: ನಾವು ನಕಲು ಮಾಡುತ್ತಿರುವುದು ಯಾವುದನ್ನು?

ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಚಿಕ್ಕ ಮಾದರಿಯೊಂದನ್ನು ಮಾಡಲು ಹೊರಟವರಿಗೆ ರೆಕ್ಕೆಯ ಓರೆಯ ಬಗ್ಗೆಯೋ ಚಕ್ರಗಳು ಮಡಚಿಕೊಳ್ಳುವ ಗೂಡಿನ ಬಗ್ಗೆಯೋ ಸಂದೇಹ ಬಂದರೆ, ಅಲ್ಲಿಗೆ ಹೋಗಿ ಸುತ್ತಲೂ ನಡೆದು ಕಣ್ಣಾರೆ ಕಂಡು ಬರಬಹುದು. ನಿಜವಾದ ವಿಮಾನ ಮೊದಲು ಇತ್ತು, ಮಾದರಿ ಆಮೇಲೆ ಬಂತು. ವೈಜ್ಞಾನಿಕ ಕಥಾಚಿತ್ರಗಳ ಬಾಹ್ಯಾಕಾಶ ನೌಕೆಗಳಲ್ಲಿ ಈ ಕ್ರಮವೇ ತಿರುಗುಮುರುಗಾಗುತ್ತದೆ. ಅಮೆರಿಕದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ನೌಕೆ ಕಥೆಯೊಳಗೆ 947 ಅಡಿ, ಅಂದರೆ ಸುಮಾರು 289 ಮೀಟರ್ ಉದ್ದವಾಗಿದೆ. ಅಂಥ ನೌಕೆ ಎಲ್ಲಿಯೂ ಇಲ್ಲ. ಇರುವುದು ಮರ, ಪ್ಲಾಸ್ಟಿಕ್ ಮತ್ತು ಲೋಹದಿಂದ ಮಾಡಿದ, ಹನ್ನೊಂದು ಅಡಿ ಮೀರಿದ ಒಂದು ಮಾದರಿ. ನಾವು ಮಾಡುವ ಪ್ರತಿಕೃತಿಗೆ ಮೂಲವೇ ಒಂದು ಮಾದರಿ.

ಹೀಗಾಗಿ ಈ ಕೆಲಸಕ್ಕೆ ಕೈಹಾಕಿದವರ ಮುಂದೆ ಮೂರು ವಸ್ತುಗಳು ನಿಲ್ಲುತ್ತವೆ: ಕಥೆ ಹೇಳುವ ನೌಕೆ, ಕ್ಯಾಮೆರಾದ ಮುಂದೆ ಇದ್ದ ಮಾದರಿ, ಮತ್ತು ಬೆಳಕು, ನೆರಳು, ಫಿಲ್ಮಿನ ಬಣ್ಣಗಳೆಲ್ಲ ಸೇರಿ ತೆರೆಯ ಮೇಲೆ ಮೂಡಿದ ಚಿತ್ರ. ಈ ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನು ಅನುಸರಿಸಬೇಕೆಂದು ಮೊದಲೇ ನಿರ್ಧರಿಸದಿದ್ದರೆ ಅರ್ಧ ದಾರಿಯಲ್ಲಿ ಬಣ್ಣ ಒಂದರದ್ದು, ಆಕಾರ ಇನ್ನೊಂದರದ್ದು ಆಗಿಬಿಡುತ್ತದೆ. ನನ್ನ ನಿಲುವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ನಕಲು ಮಾಡಬೇಕಾದದ್ದು ಮನುಷ್ಯರು ಕೈಯಾರೆ ಮಾಡಿ ಕ್ಯಾಮೆರಾದ ಮುಂದೆ ನಿಲ್ಲಿಸಿದ ಆ ಮಾದರಿಯನ್ನು. ಅದಕ್ಕೆ ಸಾಕ್ಷ್ಯವಿದೆ, ಅಳತೆಯಿದೆ, ಮಾಡಿದವರ ಹೆಸರುಗಳಿವೆ. ಈ ನಿಲುವಿಗೆ ಬರಲು ಕಾರಣವಾದ ಕೆಲವು ನೌಕೆಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಎಂಟರ್‌ಪ್ರೈಸ್‌ನ ವಿನ್ಯಾಸ ಮ್ಯಾಟ್ ಜೆಫ್ರೀಸ್ ಅವರದು. ರಿಚರ್ಡ್ ಡಾಟಿನ್ ಅವರ ಉಸ್ತುವಾರಿಯಲ್ಲಿ 1964ರಲ್ಲಿ ಮೊದಲು ಮೂರಡಿಯ ಆಸುಪಾಸಿನ ಚಿಕ್ಕ ಮಾದರಿ, ಅದರ ಬೆನ್ನಿಗೇ ಹನ್ನೊಂದು ಅಡಿಯ ದೊಡ್ಡ ಮಾದರಿ ಸಿದ್ಧವಾದವು. ಮೊದಲ ಪ್ರಾಯೋಗಿಕ ಕಂತಿನ ಹೊತ್ತಿಗೆ ದೊಡ್ಡ ಮಾದರಿಯೊಳಗೆ ದೀಪಗಳೇ ಇರಲಿಲ್ಲ. ಆಮೇಲೆ ಕಿಟಕಿಗಳಿಗೆ ಬೆಳಕು ಬಂತು, ಎಂಜಿನ್ ಕೊಳವೆಗಳ ಮುಂದಿನ ಗುಮ್ಮಟಗಳೊಳಗೆ ತಿರುಗುವ ದೀಪಗಳು ಸೇರಿದವು, ಮುಂಭಾಗದ ಆಂಟೆನಾದಂಥ ತಟ್ಟೆ ಚಿಕ್ಕದಾಯಿತು. ಅಂದರೆ ಒಂದೇ ಮಾದರಿಗೆ ಕನಿಷ್ಠ ಮೂರು ಅವಸ್ಥೆಗಳಿವೆ. ಮನೆಯಲ್ಲಿ ಜೋಡಿಸುವ ಬಿಡಿಭಾಗಗಳ ಪೆಟ್ಟಿಗೆಗಳನ್ನು, ಅಂದರೆ ಕಿಟ್‌ಗಳನ್ನು, ತಯಾರಿಸುವವರು ಇವತ್ತಿಗೂ ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಬಗೆಯ ಗುಮ್ಮಟಗಳನ್ನೂ ತಟ್ಟೆಗಳನ್ನೂ ಇಟ್ಟು ಕೊಡುವುದು ಇದೇ ಕಾರಣಕ್ಕೆ. ಪೆಟ್ಟಿಗೆ ತೆರೆದ ದಿನವೇ ನೀವು ಯಾವ ಅವಸ್ಥೆಯನ್ನು ಮಾಡುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳಬೇಕು.

ಈ ಮಾದರಿಗೆ ಇನ್ನೊಂದು ವಿಶೇಷವಿದೆ, ಅದನ್ನು ಮೊದಲ ಸಲ ಕೇಳಿದವರು ನಂಬುವುದೇ ಕಷ್ಟ. ಚಿತ್ರೀಕರಣ ನಡೆದದ್ದು ಬಹುಪಾಲು ಬಲಬದಿಯಿಂದ. ಒಳಗಿನ ದೀಪಗಳಿಗೆ ಹೋಗುವ ತಂತಿಗಳೆಲ್ಲ ಎಡಬದಿಯಿಂದ ಹೊರಬರುತ್ತಿದ್ದವು, ಆ ಬದಿಯನ್ನು ಪೂರ್ತಿಗೊಳಿಸಲೇ ಇಲ್ಲ. ಕ್ಯಾಮೆರಾಕ್ಕೆ ಕಾಣದ ಕಡೆ ಶ್ರಮ ವ್ಯಯಿಸಲು ಆಗಿನ ದೂರದರ್ಶನದ ಹಣ ಮತ್ತು ಸಮಯ ಅವಕಾಶ ಕೊಡುತ್ತಿರಲಿಲ್ಲ. ನಾವು ಎರಡೂ ಬದಿಗಳಲ್ಲಿ ಕಿಟಕಿ ಬರೆದು, ಅಕ್ಷರ ಅಂಟಿಸಿ ಮುಗಿಸಿದಾಗ ಅದು ಸುಂದರವಾಗಿಯೇ ಕಾಣುತ್ತದೆ. ಆದರೆ ಎಡಬದಿ ಊಹೆಯಿಂದ ಬಂದದ್ದು ಎಂಬುದು ಮಾಡಿದವರಿಗೆ ನೆನಪಿರಬೇಕು.

1974ರಲ್ಲಿ ಈ ಮಾದರಿ ಅಮೆರಿಕದ ಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಡುಗೆಯಾಗಿ ಬಂತು. ನಂತರದ ದಶಕಗಳಲ್ಲಿ ಹಲವು ಸಲ ದುರಸ್ತಿಯಾಯಿತು, ಹಲವು ಸಲ ಬಣ್ಣ ಬದಲಾಯಿತು. 2016ರಲ್ಲಿ ಧಾರಾವಾಹಿಗೆ ಐವತ್ತು ವರ್ಷ ತುಂಬುವ ವೇಳೆಗೆ ಮುಗಿದ ಜೀರ್ಣೋದ್ಧಾರವನ್ನು ನಾನು ಈ ಹವ್ಯಾಸದ ದೊಡ್ಡ ಪಾಠವೆಂದು ಭಾವಿಸುತ್ತೇನೆ. ಸಂಗ್ರಹಾಲಯದ ತಂಡ ಮೊದಲು ಮಾದರಿಯ ಎಕ್ಸ್-ರೇ ತೆಗೆಯಿತು. ಸಾರ್ವಜನಿಕರಲ್ಲಿ ಯಾರ ಬಳಿಯಾದರೂ ಹಳೆಯ ಛಾಯಾಚಿತ್ರಗಳಿದ್ದರೆ ಕಳುಹಿಸಿ ಎಂದು ಕೇಳಿಕೊಂಡಿತು. ಆಮೇಲೆ ಒಂದು ನಿರ್ದಿಷ್ಟ ಕಾಲಬಿಂದುವನ್ನು ಆರಿಸಿಕೊಂಡಿತು. ಚಿತ್ರೀಕರಣದ ಕಾಲದಲ್ಲಿ ಮಾದರಿಗೆ ಕೊನೆಯ ಬದಲಾವಣೆಗಳಾದ 1967ರ ಆಗಸ್ಟ್ ಆ ಬಿಂದು. "ಎಂಟರ್‌ಪ್ರೈಸ್ ಹೇಗಿತ್ತು" ಎಂಬ ಪ್ರಶ್ನೆಯನ್ನು "1967ರ ಆಗಸ್ಟಿನಲ್ಲಿ ಹೇಗಿತ್ತು" ಎಂದು ಬದಲಾಯಿಸಿಕೊಂಡ ಕೂಡಲೇ ಅದು ಉತ್ತರ ಹೇಳಬಹುದಾದ ಪ್ರಶ್ನೆಯಾಯಿತು. ನೌಕೆಯ ದೊಡ್ಡ ತಟ್ಟೆಯಾಕಾರದ ಭಾಗದ ಮೇಲ್ಮೈಯಲ್ಲಿ ಮೂಲದ ಬಣ್ಣ ಹಾಗೆಯೇ ಉಳಿದಿತ್ತು, ಉಳಿದೆಲ್ಲ ಭಾಗಗಳ ಬಣ್ಣವನ್ನು ಅದಕ್ಕೆ ಹೊಂದಿಸಲಾಯಿತು. ಅದೇ ಮೇಲ್ಮೈಯಲ್ಲಿ ಪೆನ್ಸಿಲ್ಲಿನಿಂದ ಎಳೆದ ಗೆರೆಗಳ ಜಾಲವೂ ಇದೆ. ಆ ಗೆರೆಗಳ ಬಗ್ಗೆ ಮುಂದೆ ಮತ್ತೆ ಹೇಳಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳಲು ಅವಕಾಶ ಕೊಡಿ. ಮೊದಲು ಮಾಡಿದ ಮೂರಡಿಯ ಚಿಕ್ಕ ಮಾದರಿ ದಶಕಗಳ ಕಾಲ ಕಾಣೆಯಾಗಿತ್ತು. 2023ರಲ್ಲಿ ಅಂತರ್ಜಾಲದ ಮಾರಾಟ ತಾಣವೊಂದರಲ್ಲಿ ಅದು ಇದ್ದಕ್ಕಿದ್ದಂತೆ ಕಾಣಿಸಿಕೊಂಡಿತು, 2024ರಲ್ಲಿ ಧಾರಾವಾಹಿಯ ನಿರ್ಮಾತೃ ಜೀನ್ ರಾಡೆನ್‌ಬೆರಿಯವರ ಮಗನ ಕೈ ಸೇರಿತು. ಒಂದು ವಸ್ತು ಹೀಗೆ ಮರಳಿದಾಗ, ಅಷ್ಟು ವರ್ಷ ಛಾಯಾಚಿತ್ರಗಳಿಂದ ಅಂದಾಜು ಮಾಡುತ್ತಿದ್ದವರಿಗೆಲ್ಲ ತಮ್ಮ ಅಂದಾಜನ್ನು ಪರೀಕ್ಷಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಈಗ 1977ರ ಸ್ಟಾರ್ ವಾರ್ಸ್ ಚಿತ್ರಕ್ಕೆ ಬರೋಣ. ಅದರ ಮೊದಲ ದೃಶ್ಯ ನಿಮಗೆ ನೆನಪಿರಬಹುದು. ಚಿಕ್ಕ ನೌಕೆಯೊಂದು ತಪ್ಪಿಸಿಕೊಂಡು ಓಡುತ್ತಿದೆ, ಅದರ ಬೆನ್ನ ಹಿಂದೆ ತ್ರಿಕೋನಾಕಾರದ ಸ್ಟಾರ್ ಡಿಸ್ಟ್ರಾಯರ್ ನಮ್ಮ ತಲೆಯ ಮೇಲೆ ಹಾದುಹೋಗುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಅಷ್ಟು ಬೃಹತ್ತಾಗಿ ಕಾಣುವ ಆ ನೌಕೆಯ ಮಾದರಿ ಸುಮಾರು ಮೂರಡಿಯದು. ಅದರ ಮುಂದೆ ಓಡುತ್ತಿದ್ದ ಚಿಕ್ಕ ನೌಕೆಯ ಮುಖ್ಯ ಮಾದರಿ ಸುಮಾರು ಆರಡಿಯದು. ಬೇಟೆಯ ಮಾದರಿ ಬೇಟೆಗಾರನ ಎರಡರಷ್ಟು! ಇದಕ್ಕೆ ಕಾರಣವೂ ಇದೆ. ಆ ಆರಡಿಯ ಮಾದರಿಯನ್ನು ಮೊದಲು ಚಿತ್ರದ ಇನ್ನೊಂದು ಮುಖ್ಯ ನೌಕೆಯಾದ ಮಿಲೇನಿಯಂ ಫಾಲ್ಕನ್ ಎಂದು ಮಾಡಲಾಗಿತ್ತು. 1975ರಲ್ಲಿ ತೆರೆಗೆ ಬಂದ ಬ್ರಿಟಿಷ್ ಧಾರಾವಾಹಿ ಸ್ಪೇಸ್ 1999ರ ಈಗಲ್ ನೌಕೆಯನ್ನು ಅದು ಹೋಲುತ್ತದೆ ಎಂಬ ಕಾರಣಕ್ಕೆ ಅದನ್ನು ಬದಿಗಿಟ್ಟು, ಮುಖಭಾಗ ಬದಲಿಸಿ ಬೇರೆ ನೌಕೆಯಾಗಿ ಬಳಸಿದರು. ಫಾಲ್ಕನ್‌ಗೆ ಹೊಸದಾಗಿ ದುಂಡನೆಯ ರೂಪ ಬಂತು.

ಮೂರಡಿಯ ಮಾದರಿ ಒಂದೂವರೆ ಕಿಲೋಮೀಟರಿನ ನೌಕೆಯಾಗಿ ಕಂಡದ್ದು ಹೇಗೆ? ಒಂದು ಕಾರಣ ಕ್ಯಾಮೆರಾ. ಜಾನ್ ಡೈಕ್‌ಸ್ಟ್ರಾ ಅವರ ತಂಡ ರೂಪಿಸಿದ, ಗಣಕಯಂತ್ರದ ನಿಯಂತ್ರಣದಲ್ಲಿ ಚಲಿಸುವ ಕ್ಯಾಮೆರಾ ವ್ಯವಸ್ಥೆಯಲ್ಲಿ ಮಾದರಿಯ ತೀರ ಹತ್ತಿರ, ತೀರ ನಿಧಾನವಾಗಿ ಸಾಗುತ್ತ ಒಂದೊಂದು ಚೌಕಟ್ಟಿಗೂ ದೀರ್ಘ ಬೆಳಕು ಕೊಡುವುದು ಸಾಧ್ಯವಾಯಿತು. ಹಾಗೆ ಬೆಳಕು ಕೊಟ್ಟಾಗ ಲೆನ್ಸಿನ ಕಿಂಡಿಯನ್ನು ಬಹಳ ಕಿರಿದು ಮಾಡಬಹುದು, ಆಗ ಹತ್ತಿರದ ಭಾಗವೂ ದೂರದ ಭಾಗವೂ ಒಟ್ಟಿಗೆ ಸ್ಪಷ್ಟವಾಗಿರುತ್ತವೆ. ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು ಎಂದಾದರೆ ನಮ್ಮ ಕಣ್ಣು ತಕ್ಷಣ ಇದು ಚಿಕ್ಕ ವಸ್ತು ಎಂದು ಹೇಳಿಬಿಡುತ್ತದೆ. ನಿಮ್ಮ ಮಾದರಿಯ ಛಾಯಾಚಿತ್ರ ತೆಗೆಯುವಾಗಲೂ ಇದೇ ನಿಯಮ: ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ, ಕಿಂಡಿ ಕಿರಿದಾಗಿಸಿ, ಬೆಳಕಿಗೆ ಸಮಯ ಕೊಡಿ.

ಇನ್ನೊಂದು ಕಾರಣ ಮೇಲ್ಮೈಯ ವಿವರ, ನಮಗೆ ಮುಖ್ಯವಾದದ್ದು ಅದು. ಗ್ರಾಂಟ್ ಮೆಕ್ಯೂನ್, ಲಾರ್ನ್ ಪೀಟರ್ಸನ್, ಸ್ಟೀವ್ ಗಾಲಿ, ಪಾಲ್ ಹ್ಯೂಸ್ಟನ್ ಮೊದಲಾದವರಿದ್ದ ಮಾದರಿ ತಯಾರಿಕೆಯ ತಂಡ ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳನ್ನು ರಾಶಿಗಟ್ಟಲೆ ತಂದು, ಟ್ಯಾಂಕ್, ಯುದ್ಧನೌಕೆ, ರೇಸ್ ಕಾರುಗಳ ಬಿಡಿಭಾಗಗಳನ್ನು ನೌಕೆಯ ಮೈಮೇಲೆ ಅಂಟಿಸಿತು. ಹಸೆಗಾವಾ ಕಂಪನಿಯ 1/72 ಅಳತೆಯ (ಅಂದರೆ ಮೂಲದ ಎಪ್ಪತ್ತೆರಡನೇ ಒಂದರಷ್ಟು ಗಾತ್ರದ) ಲಿಯೋಪೋಲ್ಡ್ ರೈಲು ಫಿರಂಗಿಯ ಕಿಟ್ ಹೀಗೆ ಬಳಕೆಯಾದವುಗಳಲ್ಲಿ ಪ್ರಸಿದ್ಧವಾದದ್ದು. ಈ ವಿಧಾನಕ್ಕೆ ಕಿಟ್‌ಬ್ಯಾಶಿಂಗ್ ಎಂದೂ, ಹಾಗೆ ಅಂಟಿಸಿದ ಚಿಕ್ಕ ಚಿಕ್ಕ ವಿವರಗಳಿಗೆ ಗ್ರೀಬ್ಲಿ ಎಂದೂ ಕರೆಯುತ್ತಾರೆ. ಫಿರಂಗಿಯ ಗಾಡಿಯ ಒಂದು ತುಂಡು ಅಂತರಿಕ್ಷ ನೌಕೆಯ ಮೇಲೆ ಏನು ಕೆಲಸ ಮಾಡುತ್ತದೆ ಎಂದು ಯಾರೂ ಹೇಳಲಾರರು. ಆದರೆ ಮೊದಲು ಯಾವುದೋ ಎಂಜಿನಿಯರ್ ಒಂದು ಕೆಲಸಕ್ಕಾಗಿ ರೂಪಿಸಿದ ಆಕಾರ ಅದು. ಆದ್ದರಿಂದ ಅದಕ್ಕೊಂದು ಯಂತ್ರದ ತರ್ಕವಿದೆ, ಕಣ್ಣು ಆ ತರ್ಕವನ್ನು ಒಪ್ಪಿಕೊಳ್ಳುತ್ತದೆ. ಸುಮ್ಮನೆ ಚೌಕದ ತುಂಡುಗಳನ್ನು ಕತ್ತರಿಸಿ ಚೆಲ್ಲಿದರೆ ಆ ಒಪ್ಪಿಗೆ ಸಿಗುವುದಿಲ್ಲ.

ಈ ಕಿಟ್ ತುಂಡುಗಳಿಂದಲೇ ಪ್ರತಿಕೃತಿ ಮಾಡುವವರಿಗೆ ಒಂದು ಅಪೂರ್ವ ಸಾಧನ ದೊರೆಯಿತು. ಚಿತ್ರೀಕರಣದ ಮಾದರಿಯಷ್ಟೇ ದೊಡ್ಡದಾಗಿ ಮಾಡುವ ಪ್ರತಿಕೃತಿಯನ್ನು ಸ್ಟುಡಿಯೋ ಸ್ಕೇಲ್ ಎನ್ನುತ್ತಾರೆ. ಛಾಯಾಚಿತ್ರದಲ್ಲಿ ಕಾಣುವ ಒಂದು ತುಂಡು ಯಾವ ಕಂಪನಿಯ ಯಾವ ಕಿಟ್‌ನದು ಎಂದು ಗುರುತಿಸಿದರೆ, ಅದೇ ಕಿಟ್ ತಂದು ಆ ತುಂಡನ್ನು ಅಳೆದು, ಅದರ ಅಕ್ಕಪಕ್ಕದ ಎಲ್ಲ ದೂರಗಳನ್ನೂ ಲೆಕ್ಕಹಾಕಬಹುದು. ಛಾಯಾಚಿತ್ರದೊಳಗೇ ಒಂದು ಅಳತೆಪಟ್ಟಿ ಇಟ್ಟಂತಾಯಿತು. ಲೋಕದ ಬೇರೆ ಬೇರೆ ಮೂಲೆಗಳಲ್ಲಿರುವ ಹವ್ಯಾಸಿಗಳು ದಶಕಗಳಿಂದ ಹೀಗೆ ಒಂದೊಂದೇ ತುಂಡನ್ನು ಗುರುತಿಸುತ್ತ ಪಟ್ಟಿ ಮಾಡಿದ್ದಾರೆ. ಯಾರೂ ಸಂಬಳ ಕೊಡದ ಈ ಸಂಶೋಧನೆಯನ್ನು ನಾನು ತುಂಬು ಗೌರವದಿಂದ ಕಾಣುತ್ತೇನೆ.

ಫಾಲ್ಕನ್‌ನ ವಿಷಯದಲ್ಲಿ ಆಯ್ಕೆಯ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಮೊದಲ ಚಿತ್ರಕ್ಕೆ ಮಾಡಿದ್ದು ಸುಮಾರು ಐದಡಿಯ ಮಾದರಿ. ಅದು ಭಾರವಾಗಿದ್ದು ಚುರುಕಾದ ಚಲನೆಗೆ ಅನುಕೂಲವಾಗಿರಲಿಲ್ಲವಾದ್ದರಿಂದ 1980ರ ಎರಡನೆಯ ಚಿತ್ರಕ್ಕೆ 32 ಅಂಗುಲದ ಇನ್ನೊಂದು ಮಾದರಿ ಬಂತು. ಮೊದಲ ಚಿತ್ರದಲ್ಲಿ ನೌಕೆ ನೆಲದ ಮೇಲೆ ನಿಲ್ಲಲು ಮೂರು ಕಾಲುಗಳಿದ್ದವು. ಎರಡನೆಯದರಲ್ಲಿ ಐದಾದವು, ಅವುಗಳಿಗಾಗಿ ನೌಕೆಯ ತಳದಲ್ಲಿ ಹೊಸ ಪೆಟ್ಟಿಗೆಯಂಥ ಉಬ್ಬುಗಳು ಬಂದವು. ಐದಡಿಯ ಮಾದರಿಗೂ ಆಮೇಲೆ ಅವನ್ನು ಸೇರಿಸಿದ್ದರಿಂದ, ಇವತ್ತು ಉಳಿದಿರುವ ಮೂಲವೂ ಮೊದಲ ಚಿತ್ರದ ಸ್ಥಿತಿಯಲ್ಲಿಲ್ಲ. ಬಂದಾಯ್ ಕಂಪನಿ 2017ರಲ್ಲಿ ತಂದ 1/72 ಅಳತೆಯ ಕಿಟ್ ಐದಡಿಯ ಮಾದರಿಯನ್ನು ಅನುಸರಿಸುತ್ತದೆ. ಡಿ ಅಗಸ್ಟಿನಿ ಸಂಸ್ಥೆ ಕಂತುಕಂತಾಗಿ ಮಾರಿದ ಫಾಲ್ಕನ್ 32 ಅಂಗುಲದ್ದನ್ನು ಅನುಸರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಸರಿ ಎಂದು ಕೇಳುವ ಅಗತ್ಯವಿಲ್ಲ. ಎರಡೂ ತಮ್ಮ ತಮ್ಮ ಮೂಲಕ್ಕೆ ನಿಷ್ಠವಾಗಿವೆ. ಒಂದರ ತಳವನ್ನು ಇನ್ನೊಂದರ ಮೇಲ್ಭಾಗಕ್ಕೆ ಜೋಡಿಸಿದಾಗ ಮಾತ್ರ ಯಾವ ಮೂಲವೂ ಇಲ್ಲದ ವಸ್ತು ಹುಟ್ಟುತ್ತದೆ.

ಮೂಲವೇ ನಾಶವಾಗಿದ್ದರೆ ಏನು ಮಾಡಬೇಕು? 1968ರ ಚಿತ್ರ 2001: ಎ ಸ್ಪೇಸ್ ಒಡಿಸ್ಸಿಯಲ್ಲಿ ಬರುವ ಡಿಸ್ಕವರಿ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದವಿತ್ತು. ಒಂದು ಮಾದರಿಗೆ ಆ ಗಾತ್ರ ಎಂದರೆ ಎಷ್ಟು ವಿವರ ಹಿಡಿಸುತ್ತದೆಂದು ಊಹಿಸಿ. ಆ ಚಿತ್ರದ ಮಾದರಿಗಳಲ್ಲಿ ಬಹುತೇಕ ಎಲ್ಲವೂ ನಾಶವಾದವು. ಆದ್ದರಿಂದ ಡಿಸ್ಕವರಿಯನ್ನು ಮಾಡುವವರು ಚಿತ್ರದ ಚೌಕಟ್ಟುಗಳನ್ನೂ ಸ್ಥಿರಚಿತ್ರಗಳನ್ನೂ ಉಳಿದ ನಕ್ಷೆಗಳನ್ನೂ ನೆಚ್ಚಿಕೊಂಡೇ ಕೆಲಸ ಮಾಡಬೇಕು. ಅದೇ ಚಿತ್ರದಲ್ಲಿ ಚಂದ್ರನಿಗೆ ಪ್ರಯಾಣಿಕರನ್ನು ಒಯ್ಯುವ ದುಂಡನೆಯ ಏರೀಸ್ ನೌಕೆಯ ಮಾದರಿ ಮಾತ್ರ ಹೇಗೋ ಉಳಿದುಕೊಂಡು, 2015ರಲ್ಲಿ ಹರಾಜಿಗೆ ಬಂತು. ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿ ಅದನ್ನು 3,44,000 ಡಾಲರಿಗೆ ಕೊಂಡಿತು.

1979ರ ಏಲಿಯನ್ ಚಿತ್ರದ ನಾಸ್ಟ್ರೋಮೊ ನೌಕೆಯದು ಬೇರೆ ಕಥೆ. ಇಂಗ್ಲೆಂಡಿನ ಬ್ರೇ ಸ್ಟುಡಿಯೋದಲ್ಲಿ ಮಾದರಿಗೆ ಮೊದಲು ಹಳದಿ ಬಣ್ಣ ಬಳಿದಿದ್ದರು, ನಿರ್ದೇಶಕ ರಿಡ್ಲಿ ಸ್ಕಾಟ್ ಅದನ್ನು ಬೂದುಬಣ್ಣಕ್ಕೆ ಬದಲಾಯಿಸಿದರು. ಹಳದಿ ನಾಸ್ಟ್ರೋಮೊ ಮಾಡುವವರೂ ಇದ್ದಾರೆ. ಅದು ತಪ್ಪಲ್ಲ, ಮಾದರಿಯ ಜೀವನದಲ್ಲಿ ನಿಜವಾಗಿ ಇದ್ದ ಒಂದು ದಿನವನ್ನು ಅವರು ತೋರಿಸುತ್ತಿದ್ದಾರೆ.

ಬಣ್ಣದ ಮಾತು ಬಂದುದರಿಂದ ಒಂದು ಸಂಗತಿ ಹೇಳುತ್ತೇನೆ. ಆ ಕಾಲದ ಚಿತ್ರೀಕರಣದಲ್ಲಿ ಮಾದರಿಯ ಹಿಂದೆ ನೀಲಿ ಪರದೆ ಇರುತ್ತಿತ್ತು, ಆಮೇಲೆ ನೀಲಿಯನ್ನು ತೆಗೆದು ಅಲ್ಲಿ ನಕ್ಷತ್ರಗಳನ್ನು ಸೇರಿಸುತ್ತಿದ್ದರು. ಮಾದರಿಯ ಮೇಲೆ ನೀಲಿ ಪಟ್ಟೆಯಿದ್ದರೆ ಅದೂ ಮಾಯವಾಗುತ್ತಿತ್ತು. ಸ್ಟಾರ್ ವಾರ್ಸ್‌ನ ಎಕ್ಸ್-ವಿಂಗ್ ನೌಕೆಗಳ ದಳ ಮೊದಲ ಯೋಜನೆಯಲ್ಲಿ ನೀಲಿ ದಳವಾಗಿತ್ತು, ಈ ಕಾರಣಕ್ಕೇ ಅದು ಕೆಂಪು ದಳವಾಯಿತು. ಕಥೆಯೊಳಗಿನ ಸೇನೆಯ ಬಣ್ಣವನ್ನು ನಿರ್ಧರಿಸಿದ್ದು ಸ್ಟುಡಿಯೋದ ಪರದೆ. ಮಾದರಿಯನ್ನೇ ಮೂಲವೆಂದು ಹಿಡಿಯಬೇಕೆಂದು ನಾನು ಹಟ ಹಿಡಿಯುವುದು ಇಂಥ ಕಡೆ. ಆ ಕೆಂಪು ಪಟ್ಟೆಯನ್ನು ಬಳಿಯುವಾಗ ಆ ಕಾರ್ಯಾಗಾರದ ಒಂದು ಸಮಸ್ಯೆ ಮತ್ತು ಅದರ ಪರಿಹಾರ ನಿಮ್ಮ ಕೈಯಿಂದ ಹಾದುಹೋಗುತ್ತದೆ.

ಈಗ ಕೆಲಸದ ಮೇಜಿಗೆ ಬರೋಣ. ಮೊದಲು ಅಳತೆಯ ಅನುಪಾತ. ಎಂಟರ್‌ಪ್ರೈಸ್ ಅನ್ನು 1/1000ಕ್ಕೆ ಮಾಡಿದರೆ 29 ಸೆಂಟಿಮೀಟರ್, 1/350ಕ್ಕೆ ಮಾಡಿದರೆ 82 ಸೆಂಟಿಮೀಟರ್ ಮೀರುತ್ತದೆ. ಉದ್ದ ಸುಮಾರು ಮೂರು ಪಟ್ಟಾದರೆ ಬಣ್ಣ ಬಳಿಯಬೇಕಾದ ಮೇಲ್ಮೈ ಎಂಟು ಪಟ್ಟು ಹೆಚ್ಚುತ್ತದೆ, ಇದನ್ನು ಮೊದಲೇ ಲೆಕ್ಕಹಾಕಿಕೊಳ್ಳಿ. ನಂತರದ್ದು ಮೇಲ್ಮೈಯ ಗೆರೆಗಳು. ಹಲವು ಕಿಟ್‌ಗಳಲ್ಲಿ ತಗಡುಗಳ ಕೂಡುಗೆರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕೊರೆದಿರುತ್ತಾರೆ. 1/350 ಅಳತೆಯಲ್ಲಿ 0.3 ಮಿಲಿಮೀಟರಿನ ಗೆರೆ ಎಂದರೆ ನಿಜವಾದ ನೌಕೆಯಲ್ಲಿ ಹತ್ತು ಸೆಂಟಿಮೀಟರಿಗೂ ಹೆಚ್ಚಿನ ಬಿರುಕು. ಅದರಲ್ಲಿ ಮನುಷ್ಯನ ಕೈ ಸಲೀಸಾಗಿ ಒಳಹೋಗುತ್ತದೆ! ಜೆಫ್ರೀಸ್ ಅವರು ಬಯಸಿದ್ದು ನಯವಾದ ಹೊರಮೈ. ನಾನು ಆಗಲೇ ಹೇಳಿದ ಪೆನ್ಸಿಲ್ ಗೆರೆಗಳನ್ನು ಇಲ್ಲಿ ನೆನಪಿಸಿಕೊಳ್ಳಿ: ಕೊರೆದ ಗೆರೆಗಳನ್ನು ಪುಟ್ಟಿಯಿಂದ ತುಂಬಿ, ಉಜ್ಜಿ, ಬಣ್ಣ ಬಳಿದು, ಅದರ ಮೇಲೆ ಚೂಪಾದ ಗಟ್ಟಿ ಪೆನ್ಸಿಲ್ಲಿನಿಂದ ಮೆಲ್ಲಗೆ ಎಳೆದು, ಮಂದ ವಾರ್ನಿಷ್ ಹೊಡೆದರೆ ಸಾಕು. ಮೂಲವನ್ನು ಮಾಡಿದವರ ವಿಧಾನವೂ ಅದೇ, ಅಳತೆಗೆ ಒಪ್ಪುವ ವಿಧಾನವೂ ಅದೇ.

ಬಣ್ಣ ಬಳಿಯುವವರಿಗೆ ನಮ್ಮ ಮಳೆಗಾಲ ಒಂದು ನಿಜವಾದ ತೊಡಕು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಲ್ಯಾಕರ್ ಬಣ್ಣ ಹೊಡೆದರೆ, ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ, ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಬಹುದು. ಕರಾವಳಿಯಲ್ಲಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಡಣೆ, ಉಜ್ಜುವಿಕೆ, ತಂತಿ ಕೆಲಸಗಳನ್ನು ಇಟ್ಟುಕೊಂಡು ಬಣ್ಣವನ್ನು ಒಣ ತಿಂಗಳುಗಳಿಗೆ ಬಿಡುವುದು ಒಳ್ಳೆಯದು. ಮುಖಕ್ಕೆ ಸರಿಯಾದ ಮಾಸ್ಕ್ ಮತ್ತು ಗಾಳಿ ಹೊರಹೋಗುವ ದಾರಿ ಇಲ್ಲದೆ, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯಬೇಡಿ.

ಬೆಳಕಿನ ಬಗ್ಗೆ ಪ್ರತಿ ಸಲವೂ ಪ್ರಶ್ನೆ ಬರುವುದರಿಂದ ಇಲ್ಲೇ ಹೇಳುತ್ತೇನೆ. ಎಲ್‌ಇಡಿ, ರೆಸಿಸ್ಟರ್, ಸಣ್ಣ ತಂತಿ, ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಐದು ವೋಲ್ಟ್ ಮೂಲದಿಂದ, 3.2 ವೋಲ್ಟ್ ಬೇಡುವ ಬಿಳಿ ಎಲ್‌ಇಡಿಗೆ ಹತ್ತು ಮಿಲಿಆಂಪಿಯರ್ ಹರಿಸಬೇಕಾದರೆ 180 ಓಮ್ ರೆಸಿಸ್ಟರ್ ಬೇಕು. ಆದರೆ ತಂತಿಗಿಂತ ಮೊದಲು ಮಾಡಬೇಕಾದ ಕೆಲಸ ಬೆಳಕು ತಡೆಯುವುದು. ತೆಳು ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಸೋರಿ ಇಡೀ ನೌಕೆ ಹೊಳೆಯತೊಡಗಿದರೆ ಅದು ದೀಪದ ಬುಟ್ಟಿಯಾಗುತ್ತದೆ. ಒಳಮೈಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ ಬಣ್ಣ ಹೊಡೆಯಿರಿ: ಕಪ್ಪು ತಡೆಯುತ್ತದೆ, ಬಿಳಿ ಬೆಳಕನ್ನು ಒಳಗೇ ಹರಡುತ್ತದೆ.

ಸ್ಟ್ಯಾಂಡ್ ಎಲ್ಲಿ ಬರಬೇಕೆಂಬುದೂ ಮೊದಲ ದಿನದ ತೀರ್ಮಾನ. ಚಿತ್ರೀಕರಣದ ಮಾದರಿಗಳೊಳಗೆ ಲೋಹದ ಗಟ್ಟಿ ಅಸ್ಥಿಪಂಜರ ಇರುತ್ತಿತ್ತು, ಬೇರೆ ಬೇರೆ ಬದಿಗಳಿಂದ ಅದಕ್ಕೆ ಕಂಬ ಜೋಡಿಸಬಹುದಿತ್ತು. ನಾವೂ ಒಳಗೊಂದು ಅಲ್ಯೂಮಿನಿಯಂ ಕೊಳವೆ ಹಾಯಿಸಿದರೆ ಭಾರ ಪ್ಲಾಸ್ಟಿಕ್ಕಿನ ಮೇಲೆ ಬೀಳುವುದಿಲ್ಲ, ತಂತಿಗಳಿಗೂ ಅದೇ ದಾರಿಯಾಗುತ್ತದೆ.

ಯಾವುದರಿಂದ ಶುರುಮಾಡಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ದುಬಾರಿ ಕಿಟ್ ತರಿಸಿಕೊಳ್ಳುವ ಮೊದಲು ಸ್ಟಾರ್ ಡಿಸ್ಟ್ರಾಯರ್‌ನ ಬಗೆಯ ಚಪ್ಪಟೆ ಮೈಗಳ ನೌಕೆಯೊಂದನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಿಂದ ಮಾಡಿ ನೋಡಿ. ಉದ್ದನೆಯ ತ್ರಿಕೋನದ ಹಲಗೆಗಳು, ಒಳಗೆ ಅಡ್ಡಪಟ್ಟಿಗಳು, ನಡುವೆ ಉದ್ದಕ್ಕೂ ಒಂದು ಕಾಲುವೆ. ವಕ್ರ ಮೈಗಳಿಲ್ಲವಾದ್ದರಿಂದ ಅಚ್ಚು ಬೇಕಿಲ್ಲ, ಚೂಪಾದ ಕತ್ತಿ ಮತ್ತು ಉಕ್ಕಿನ ಅಳತೆಪಟ್ಟಿ ಸಾಕು. ಹಳೆಯ ಟ್ಯಾಂಕ್ ಅಥವಾ ಹಡಗಿನ ಕಿಟ್‌ನಲ್ಲಿ ಉಳಿದ ತುಂಡುಗಳನ್ನು ಆ ಕಾಲುವೆಯೊಳಗೆ ಒತ್ತೊತ್ತಾಗಿ, ಹಲಗೆಗಳ ಮೇಲೆ ವಿರಳವಾಗಿ ಜೋಡಿಸಿ, ತೀರ ಚಿಕ್ಕ ತುಂಡುಗಳನ್ನು ಅಂಚಿನತ್ತ ಇಡಿ. ಎಲ್ಲಕ್ಕೂ ಒಂದೇ ಬೂದು ಪ್ರೈಮರ್ ಹೊಡೆದು, ಪಕ್ಕದಿಂದ ಒಂದೇ ದೀಪ ಹಾಕಿ ಬಗ್ಗಿ ನೋಡಿ. ಯಾವ ತುಂಡು ಇನ್ನೂ ಟ್ಯಾಂಕಿನ ತುಂಡಾಗಿಯೇ ಕಾಣುತ್ತದೆಯೋ ಅದನ್ನು ಕಿತ್ತು, ತಿರುಗಿಸಿ, ಮತ್ತೆ ಅಂಟಿಸಿ.